ನಮ್ಮನೆ ಕತೆ ಅಂದವರೇ ಎಲ್ಲ

17 ನವೆಂಬರ್ 2024, ಭಾನುವಾರ

ಮಧ್ಯಾಹ್ನ ರಾಜಾಜಿನಗರದಲ್ಲಿ ನಮ್ಮ ಓದುಗರ ಬಳಗ ಸೇರಿತ್ತು. ಈ ತಿಂಗಳ ಪುಸ್ತಕ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಬೇರೆ ತಿಂಗಳು ಐದಾರು ಜನ ಬಂದರೆ ಹೆಚ್ಚು, ಇವತ್ತು ಹನ್ನೊಂದು. ಪುಸ್ತಕ ಸಣ್ಣದು, ಅದಕ್ಕೇ ಎಲ್ಲರೂ ಧೈರ್ಯವಾಗಿ ಬಂದಿದ್ದಾರೆ ಅಂತ ಬಳಗ ಸೇರಿದ್ದ ಮನೆಯವರು ನಕ್ಕರು. ಮೆಣಸಿನಕಾಯಿ ಬಜ್ಜಿಯ ಸುದ್ದಿ ಮೊದಲೇ ಗ್ರೂಪಿನಲ್ಲಿ ಬಂದಿತ್ತು, ಅದನ್ನೂ ಮರೆಯಬಾರದು.

ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ರಿಟೈರಾದ ಮೇಷ್ಟ್ರೊಬ್ಬರು ಪುಸ್ತಕದ ತುಂಬ ಪೆನ್ಸಿಲ್ ಗೆರೆ ಎಳೆದುಕೊಂಡು ಬಂದಿದ್ದರು. ಎಲ್ಲಿ ನೋಡಿದರೂ ಗೆರೆಯೇ, ಹಾಗಾಗಿ ಯಾವುದನ್ನು ಓದಿ ತೋರಿಸಬೇಕೆಂದು ಅವರಿಗೇ ತಿಳಿಯಲಿಲ್ಲ. ಸಾಫ್ಟ್‌ವೇರಿನ ಹುಡುಗ ಸ್ವಲ್ಪ ಸಂಕೋಚದಿಂದಲೇ ಹೇಳಿದ, ತಾನು ಮೊದಲು ಓದಿದ್ದು ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದವಂತೆ. ಕನ್ನಡದಲ್ಲಿ 2013ರಲ್ಲಿ ಬಂದದ್ದು, 2015ಕ್ಕೆ ಇಂಗ್ಲಿಷಾಗಿ, 2017ಕ್ಕೆ ಅಮೆರಿಕದಲ್ಲೂ ಅಚ್ಚಾಯಿತು. ಅಲ್ಲಿದ್ದಾಗ ಆಫೀಸಿನವಳೊಬ್ಬಳು ‘ನಿಮ್ಮೂರಿನ ಪುಸ್ತಕ’ ಅಂತ ಇವನ ಕೈಗಿಟ್ಟಳಂತೆ. ‘ಹೆಸರಿನ ಅರ್ಥ ಏನು ಅಂತ ಅವಳು ಕೇಳಿದ್ಲು, ನಂಗೂ ಗೊತ್ತಿರ್ಲಿಲ್ಲ’ ಅಂದ. ಗೊತ್ತಿರೋದು ಹೇಗೆ? ಕತೆಯೊಳಗಿನ ಅನಿತಾ ಮತ್ತು ಅವಳ ತಮ್ಮ ಚಿಕ್ಕಂದಿನಲ್ಲಿ ಕಟ್ಟಿದ ಪದ ಅದು. ಗಾಳಿಪಟದ ದಾರ ಬಿಡಿಸಲಾಗದಷ್ಟು ಸಿಕ್ಕಾದಾಗ ಬಾಯಿಗೆ ಬಂದದ್ದು. ಅನುವಾದಕರಿಗೆ ಇಡೀ ಪುಸ್ತಕದಲ್ಲಿ ಕಷ್ಟ ಕೊಡದ ಪದ ಅದೊಂದೇ ಇದ್ದೀತು.

ಆಮೇಲೆ ಅರ್ಧ ಗಂಟೆ ಕಾಫಿ ಹೌಸಿನ ಜಗಳ. ಕತೆಯಲ್ಲಿ ಬರುವುದು ಎಂ.ಜಿ. ರೋಡಿನದೋ ಅಲ್ಲವೋ? ಅಲ್ಲಿಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಬಾಗಿಲು ಹಾಕಿ ಚರ್ಚ್ ಸ್ಟ್ರೀಟಿಗೆ ಹೋಯಿತಲ್ಲ, ಅದರ ಹಳೇ ಗಿರಾಕಿಗಳಿಬ್ಬರು ವೇಟರ್ ವಿನ್ಸೆಂಟನನ್ನು ತಾವು ಕಣ್ಣಾರೆ ಕಂಡವರ ಹಾಗೆ ಮಾತಾಡಿದರು. ಒಬ್ಬರಂತೂ ಅವನಿಗೆ ಟಿಪ್ಸ್ ಕೊಟ್ಟಿದ್ದೇನೆ ಅನ್ನುವುದೊಂದು ಬಾಕಿ. ಕಾದಂಬರಿಯ ಪಾತ್ರಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆ?

ಆದರೆ ಎಲ್ಲರ ಬಾಯಲ್ಲೂ ಬಂದ ಮಾತು ಒಂದೇ: ‘ಇದು ನಮ್ಮನೆ ಕತೆ.’ ಸೇಲ್ಸ್‌ಮನ್ ಅಪ್ಪನ ಸಂಬಳದಲ್ಲಿ ಐದು ಜನ ಲೆಕ್ಕ ಹಾಕಿ ಬದುಕಿದ್ದ ಸಂಸಾರ. ಚಿಕ್ಕಪ್ಪ ಮಸಾಲೆ ಪದಾರ್ಥದ ವ್ಯಾಪಾರ ಶುರುಮಾಡುತ್ತಾನೆ, ದುಡ್ಡು ಬರುತ್ತದೆ. ದುಡಿಯುವವನು ಅವನೊಬ್ಬ, ಅವನನ್ನು ಕಾಯುವುದು ಉಳಿದವರ ಕೆಲಸ. ಅವನ ಊಟ, ಅವನ ಮೂಡು, ಅವನ ತಪ್ಪು, ಎಲ್ಲವನ್ನೂ. ಕತೆ ಹೇಳುವವನು ಕಂಪನಿಯ ಡೈರೆಕ್ಟರು, ಕೆಲಸ ಮಾತ್ರ ಇಲ್ಲ. ಹೊರಗಿನಿಂದ ಸೊಸೆಯಾಗಿ ಬಂದ ಅನಿತಾಗೆ ಅದು ನುಂಗಲಾರದ ತುತ್ತು. ಇಂಥ ಮನೆಯನ್ನು ಹನ್ನೊಂದು ಜನ ನಮ್ಮನೆ ಅಂದರು. ಅದರಲ್ಲಿ ತಾವು ಯಾರು ಅಂತ ಒಬ್ಬರೂ ಹೇಳಲಿಲ್ಲ. ಕೇಳಿದ್ದರೆ ಹನ್ನೊಂದೂ ಜನ ಅನಿತಾ ಅನ್ನುತ್ತಿದ್ದರೋ ಏನೋ.

‘ಬಡತನದಲ್ಲಿ ನೆಮ್ಮದಿ ಇತ್ತು, ದುಡ್ಡು ಬಂದು ಕೆಟ್ಟರು’ ಅಂತ ಮೇಷ್ಟ್ರು ತೀರ್ಪು ಕೊಟ್ಟಾಗ ನನಗೆ ಸುಮ್ಮನಿರಲಾಗಲಿಲ್ಲ. ಹಳೇ ಮನೆಯ ಇರುವೆಗಳನ್ನು ನೋಡಿ ಅಂದೆ. ಆ ಬಾಡಿಗೆ ಮನೆಯಲ್ಲಿ ಇರುವೆ ಕಾಟ. ಅಮ್ಮ, ಮಗಳು ಮೊದಲು ಬೇರೆ ಉಪಾಯವಿಲ್ಲದೆ ಕೊಲ್ಲುತ್ತಾರೆ, ಬರಬರುತ್ತಾ ಅದರಲ್ಲಿ ರುಚಿ ಹತ್ತುತ್ತದೆ. ಹೊರಗಿನದು ಒಳಗೆ ಕಾಲಿಟ್ಟರೆ ಎಲ್ಲರೂ ಸೇರಿ ಮುಗಿಸುವುದು ಅಂತ ಅವರು ಕಲಿತದ್ದು ಬಡತನದಲ್ಲೇ. ದುಡ್ಡು ಬಂದ ಮೇಲೆ ಇರುವೆ ಹೋಗಿ ಮನುಷ್ಯರು ಬಂದರು, ಅಷ್ಟೇ. ಆ ಒಗ್ಗಟ್ಟನ್ನೇ ನಾವು ನೆಮ್ಮದಿ ಅಂದುಕೊಂಡು ಕಣ್ಣೀರು ಹಾಕುತ್ತೇವೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, ಎಂ.ಎಸ್. ಪುಟ್ಟಣ್ಣನವರು 1915ರಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’ ಅಂತ ಹೆಸರಿಟ್ಟು ಕಾದಂಬರಿ ಬರೆದರು, ಇಲ್ಲಿ ಮಾಡಿದವರು ಬೇರೆ, ಉಣ್ಣುವವರು ಬೇರೆ ಅಂದರು. ಈ ಮಾತಿಗೆ ನಾನು ಅವರಿಗೆ ಇನ್ನೊಂದು ಬಜ್ಜಿ ಬಡಿಸಿದೆ.

ಅನಿತಾಗೆ ಕೊನೆಗೆ ಏನಾಯಿತು ಅನ್ನುವ ಚರ್ಚೆ ಶುರುವಾಗುವ ಮುಂಚೆ ಎದ್ದು ಬಂದೆ. ಬಸ್ಸು ಒಂದು ನೆಪ.

ಸಂಜೆ ಅಮ್ಮನಿಗೆ ಮಿಕ್ಕ ಪುಟಗಳನ್ನು ಓದಿದೆ. ಕಣ್ಣಿನ ಆಪರೇಷನ್ ಆದಮೇಲೆ ಅವಳಿಗೆ ನಾನೇ ಓದಬೇಕು. ಇರುವೆ ಬಂದಾಗ ‘ಅರಿಶಿನ ಉದುರಿಸಿದ್ರೆ ಆಗ್ತಿತ್ತಪ್ಪ, ಇಷ್ಟೆಲ್ಲಾ ಯಾಕೆ’ ಅಂದಿದ್ದಳು. ಮನೆಗೆ ಗ್ಯಾಸ್ ಬಂದ ಸಂಭ್ರಮಕ್ಕೆ ಖುಷಿಯಾಗಿ, ಶ್ರೀರಾಮಪುರದ ವಠಾರದಲ್ಲಿ ನಮ್ಮ ಸೀಮೆಎಣ್ಣೆ ಸ್ಟೌವಿಗೆ ಪಿನ್ ಹಾಕುತ್ತಿದ್ದ ಕತೆಯನ್ನು ಇನ್ನೊಮ್ಮೆ ಹೇಳಿದ್ದಳು. ಇವತ್ತು ಬಂದದ್ದು ಆ ಹೆಂಗಸಿನ ಭಾಗ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬಳು ಮನೆ ಬಾಗಿಲಿಗೆ ಬರುತ್ತಾಳೆ, ಅವನಿಗೆ ಇಷ್ಟವೆಂದು ಮಸೂರ್ ಬೇಳೆಯ ಅಡುಗೆ ಮಾಡಿ ತಂದಿದ್ದಾಳೆ. ಮನೆಯ ಹೆಂಗಸರು ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ, ಡಬ್ಬಿ ಬೀದಿಗೆ ಬೀಳುತ್ತದೆ. ಅವನು ಒಳಗೇ ಇದ್ದಾನೆ, ಹೊರಗೆ ಬರುವುದಿಲ್ಲ.

ಅಮ್ಮ ಏನೂ ಅನ್ನಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ನಾನೂ ಪುಟ ತಿರುಗಿಸಲಿಲ್ಲ.

ಅಣ್ಣನ ಫ್ಲೆಕ್ಸ್ ವ್ಯಾಪಾರ ಕುದುರಿ ನಾವು ಈ ಮನೆಗೆ ಬಂದ ಮೂರನೇ ವರ್ಷ ಇರಬೇಕು. ವಠಾರದಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅಕ್ಕ ಒಂದು ದಿನ ಬಂದರು. ಅಣ್ಣ ಮೊದಲ ಪ್ರಿಂಟಿಂಗ್ ಮೆಷಿನ್ ತರುವಾಗ ಅವರು ಚೀಟಿ ಎತ್ತಿ ಕೊಟ್ಟ ದುಡ್ಡಿತ್ತು. ಮಗಳ ಮದುವೆ ಗೊತ್ತಾಗಿತ್ತು. ಬಾಯಿಬಿಟ್ಟು ಕೇಳಲಿಲ್ಲ, ‘ನಿಮ್ಮಣ್ಣನ್ನ ಒಂದ್ಸಲ ಮಾತಾಡಿಸ್ಕೊಂಡು ಹೋಗೋಣ ಅಂತ’ ಅಂದರು. ಚಪ್ಪಲಿಯನ್ನು ಗೇಟಿನ ಆಚೆಯೇ ಬಿಟ್ಟಿದ್ದರು. ಅಮ್ಮ ಅಡುಗೆಮನೆಯಿಂದ ಈಚೆ ಬರಲಿಲ್ಲ. ಅತ್ತಿಗೆ ನನ್ನ ಮುಖ ನೋಡಿದಳು. ‘ಅಣ್ಣ ಊರಲ್ಲಿಲ್ಲ ಕಣಕ್ಕ, ಹುಬ್ಬಳ್ಳಿಗೆ ಹೋಗಿದಾನೆ’ ಅಂದವಳು ನಾನು. ಹುಬ್ಬಳ್ಳಿ ಯಾಕೆ ಬಂತೋ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮಹಡಿಯ ಮೇಲೆ ಅವನ ಫೋನ್ ರಿಂಗಾಯಿತು. ಎರಡೇ ಸಲ, ಆಮೇಲೆ ಯಾರೋ ಕಟ್ ಮಾಡಿದರು. ಅಕ್ಕ ಮೆಟ್ಟಿಲ ಕಡೆ ನೋಡಿದರು. ‘ಫೋನ್ ಬಿಟ್ಟು ಹೋಗಿದಾನೆ’ ಅಂದೆ.

‘ಹೌದಾ’ ಅಂದರು. ಪೇಪರಿನಲ್ಲಿ ಸುತ್ತಿ ತಂದಿದ್ದ ನುಗ್ಗೆಸೊಪ್ಪನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಹಾಕಿಕೊಂಡು ಹೊರಟರು.

ಪುಸ್ತಕ ಮುಚ್ಚಿಟ್ಟು ದೀಪ ಆರಿಸುವಾಗ ಅಮ್ಮ ಕತ್ತಲಲ್ಲೇ ಕೇಳಿದಳು, ‘ಆ ಸೊಪ್ಪು ಏನು ಮಾಡಿದ್ವೇ?’

ಅವತ್ತೇ ರಾತ್ರಿ ಬಸ್ಸಾರು ಮಾಡಿದ್ದೆವು. ಅಣ್ಣ ಎರಡು ಸಲ ಹಾಕಿಸಿಕೊಂಡಿದ್ದ. ನೆನಪಿಲ್ಲ ಅಂದೆ.