ಹಣ ಬಳಸಿಕೊಂಡಿದ್ದು ಯಾರು?

ಬೆಳಿಗ್ಗೆ ಏಳೂಕಾಲಕ್ಕೆ, ಊರುಗಳಿಂದ ನಮ್ಮ ಪತ್ರಿಕೆಗೆ ಸುದ್ದಿ ಕಳಿಸುವ ಸ್ಟ್ರಿಂಗರ್ ಫೋನ್ ಮಾಡಿದರು. ನೈಟ್ ಡೆಸ್ಕ್ ಮುಗಿಸಿ ನಾನು ಮಲಗಿದ್ದೇ ಎರಡು ಗಂಟೆಗೆ.

‘ಸರ್, ಡೇರಿ ಸುದ್ದಿ ಏನ್ ಮಾಡಿಬಿಟ್ರಿ? ಕಾರ್ಯದರ್ಶಿ ಮೇಡಂ ಅಳ್ತಾ ಇದ್ದಾರೆ. ಹಾಲು ಹಾಕೋಕೆ ಬಂದವರೆಲ್ಲ ಪೇಪರ್ ಹಿಡ್ಕೊಂಡು ನಿಂತಿದ್ದಾರೆ.’

ಹಾಲು ಉತ್ಪಾದಕರ ಸಂಘವೊಂದರ ವಾರ್ಷಿಕ ಸಭೆಯ ಸಿಂಗಲ್ ಕಾಲಂ ಅದು. ಸ್ಟ್ರಿಂಗರ್ ಕಳಿಸಿದ ಕಾಪಿ ಹೀಗಿತ್ತು: ‘ಕಾರ್ಯದರ್ಶಿ ಲೆಕ್ಕಪತ್ರ ಮಂಡಿಸಿದರು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟ ಹಿಂದಿನ ಕಾರ್ಯದರ್ಶಿಯ ಅವಧಿಯ ವಿಚಾರವೂ ಚರ್ಚೆಗೆ ಬಂತು. ಉತ್ಪಾದಕರ ಬಟವಾಡೆ ಹಣವನ್ನು ಸ್ವಂತಕ್ಕೆ ಬಳಸಿಕೊಂಡಿದ್ದಾರೆ ಎಂದು ಸದಸ್ಯರು ದೂರಿದರು.’

ರಾತ್ರಿ ಹತ್ತೂಮುಕ್ಕಾಲಿಗೆ ಜಾಹೀರಾತಿನವರು ಪೇಜಿಗೆ ಇನ್ನೊಂದು ಆ್ಯಡ್ ತುರುಕಿದರು. ಇದು ವಾರಕ್ಕೆ ನಾಲ್ಕು ದಿನದ ಕಥೆ, ಎಷ್ಟು ಹೇಳಿದರೂ ಕೇಳುವವರಿಲ್ಲ. ಸುದ್ದಿ ಜಾಗ ಮೀರಿದೆ ಅಂತ ತೋರಿಸುವ ಕೆಂಪು ಪ್ಲಸ್ ಬಾಕ್ಸಿನ ಕೆಳಗೆ ಬಂತು. ಮೂರು ಸಾಲು ಹೋಗಬೇಕು. ‘ಚರ್ಚೆಗೆ ಬಂತು’ ಅನ್ನೋದರಲ್ಲಿ ಸುದ್ದಿ ಏನಿದೆ ಅನ್ನಿಸಿತು. ನಡುವಿನ ವಾಕ್ಯ ತೆಗೆದೆ. ಪ್ಲಸ್ ಹೋಯಿತು. ಒಮ್ಮೆ ಓದಿದೆ, ಸರಿ ಇತ್ತು, ಪೇಜ್ ಬಿಟ್ಟೆ.

ಬೆಳಿಗ್ಗೆ ಫೋನಿನಲ್ಲಿ ನಾನು ಸ್ಟ್ರಿಂಗರ್ ಮೇಲೇ ರೇಗಿದೆ. ‘ಅದು ಹಿಂದಿನವರ ಬಗ್ಗೆ ಅಂತ ಗೊತ್ತಾಗಲ್ವಾ?’ ಅಂದೆ. ಪಿಡಿಎಫ್ ತೆಗೆದು ಮೂರು ಸಲ ಓದಿದೆ. ಮೂರು ಸಲವೂ ನನಗೆ ಹಿಂದಿನ ಕಾರ್ಯದರ್ಶಿಯೇ ಕಂಡರು. ಪೇಜಿನಲ್ಲಿ ಅವರ ಸುಳಿವೇ ಇರಲಿಲ್ಲ, ನನ್ನ ತಲೆಯಲ್ಲಿ ಮಾತ್ರ ಇದ್ದರು. ಕೆಲಸಕ್ಕೆ ಹೊರಟಿದ್ದ ಹೆಂಡತಿಗೆ ಮೊಬೈಲ್ ಕೊಟ್ಟು, ‘ಹಣ ಬಳಸಿಕೊಂಡಿದ್ದು ಯಾರು?’ ಅಂತ ಕೇಳಿದೆ.

‘ಕಾರ್ಯದರ್ಶಿ ಅಲ್ವಾ? ಲೆಕ್ಕ ಮಂಡಿಸಿದ್ರಲ್ಲ, ಅವರೇ.’

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ನನ್ನ ಕೈಕಾಲು ತಣ್ಣಗಾಯಿತು.

ತಪ್ಪಿದ ವ್ಯಾಕರಣವಾಗಿದ್ದರೆ ಓದುವವರು ಎಡವುತ್ತಿದ್ದರು, ಅನುಮಾನ ಪಡುತ್ತಿದ್ದರು. ಇಲ್ಲಿ ಎಡವುವ ಜಾಗವೇ ಇರಲಿಲ್ಲ. ‘ಬಳಸಿಕೊಂಡಿದ್ದಾರೆ’ ಅನ್ನುವುದಕ್ಕೆ ಕರ್ತೃವನ್ನೇ ಹೇಳಿಲ್ಲ. ಕನ್ನಡದಲ್ಲಿ ಅದು ಸಹಜ, ಕ್ರಿಯಾಪದದ ತುದಿಯೇ ಸಾಕು. ಆದರೆ ಗೌರವದ ‘ಆರೆ’ ಹೆಣ್ಣೋ ಗಂಡೋ, ಒಬ್ಬರೋ ಹತ್ತು ಜನವೋ ಹೇಳುವುದಿಲ್ಲ. ಈಗಿನವರು ಹೆಂಗಸು, ಹಿಂದಿನವರು ಗಂಡಸು. ಏಕವಚನದಲ್ಲಿ ‘ಬಳಸಿಕೊಂಡಿದ್ದಾನೆ’ ಅಂತಿದ್ದರೆ ಊರವರಾದರೂ ತಡೆದು ನಿಲ್ಲುತ್ತಿದ್ದರು. ಮರ್ಯಾದೆ ಕೊಡಲು ಬಳಸಿದ ರೂಪದಿಂದಲೇ ಆಕೆಯ ಮರ್ಯಾದೆ ಹೋಯಿತು.

ಆಮೇಲೆ ಈ ವಿಷಯದ ಬಗ್ಗೆ ಹುಡುಕಿ ಓದಿದೆ. 1974ರಲ್ಲಿ ಹ್ಯಾವಿಲ್ಯಾಂಡ್ ಮತ್ತು ಕ್ಲಾರ್ಕ್ ಎಂಬ ಮನೋವಿಜ್ಞಾನಿಗಳು ಜನರಿಗೆ ಜೋಡಿ ವಾಕ್ಯಗಳನ್ನು ಓದಿಸಿದ್ದರು. ‘ಕಾರಿನ ಡಿಕ್ಕಿಯಿಂದ ಬಿಯರ್ ತೆಗೆದೆವು’ ಆದಮೇಲೆ ‘ಬಿಯರ್ ಬೆಚ್ಚಗಿತ್ತು’ ಬಂದರೆ ಬೇಗ ಅರ್ಥವಾಗುತ್ತದೆ. ‘ಪಿಕ್ನಿಕ್ ಸಾಮಾನು ಚೆಕ್ ಮಾಡಿದೆವು’ ಆದಮೇಲೆ ಅದೇ ವಾಕ್ಯ ಬಂದರೆ ಸ್ವಲ್ಪ ತಡವಾಗುತ್ತದೆ, ಆದರೂ ಓದುಗರು ತಾವೇ ಸೇತುವೆ ಕಟ್ಟಿಕೊಂಡು ದಾಟುತ್ತಾರೆ. ಸಾಮಾನಿನಲ್ಲಿ ಬಿಯರೂ ಇತ್ತು ಅಂದುಕೊಳ್ಳುತ್ತಾರೆ. ವಾಕ್ಯಗಳ ನಡುವಿನ ನಂಟು ಕಾಗದದ ಮೇಲೆ ಇರುವುದು ಕಡಿಮೆ, ಓದುವವರು ಕಟ್ಟುವುದೇ ಜಾಸ್ತಿ. ಹತ್ತಿರದಲ್ಲಿ ಏನು ಸಿಕ್ಕುತ್ತದೋ ಅದರಿಂದಲೇ ಕಟ್ಟುತ್ತಾರೆ. ನಾನು ಅವರ ಹತ್ತಿರ ಬಿಟ್ಟಿದ್ದು ಆ ಹೆಂಗಸೊಬ್ಬರನ್ನೇ.

ಪೂರ್ತಿ ಕಾಪಿ ಓದಿದವರು ಕತ್ತರಿಸಿದ ಕಾಪಿಯನ್ನು ಚೆಕ್ ಮಾಡಬಾರದು. ಅವರಿಗೆ ಎಲ್ಲವೂ ಹೊಂದಿಕೊಂಡೇ ಕಾಣುತ್ತದೆ. ಮೊದಲು ಪ್ರೂಫ್ ರೀಡರ್‌ಗಳಿದ್ದರು, ಈಗ ಆ ವಿಭಾಗವೇ ಇಲ್ಲ. ಸಾಫ್ಟ್‌ವೇರ್ ಸಾಲು ಎಣಿಸುತ್ತದೆ, ಅಷ್ಟೇ. ಹಾಗಾಗಿ ಈಗ ಕತ್ತರಿಸಿದ ಮೇಲೆ ಪಕ್ಕದ ಸೀಟಿನ ಸ್ಪೋರ್ಟ್ಸ್ ಡೆಸ್ಕಿನವನನ್ನು ಕರೆದು ಓದಿಸುತ್ತೇನೆ. ಪ್ರತಿ ಕ್ರಿಯಾಪದಕ್ಕೂ ‘ಯಾರು?’ ಅಂತ ಕೇಳುತ್ತೇನೆ. ಎರಡು ನಿಮಿಷದ ಕೆಲಸ.

ಆ ದಿನ ಸಂಜೆ ಕಾರ್ಯದರ್ಶಿಯವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ‘ಅದೇ ಪೇಜಲ್ಲಿ ಹಾಕಿ ಸರ್, ನಮ್ಮೂರಿನವರು ಅದನ್ನೇ ಓದೋದು’ ಅಂದರು. ಒಳಪುಟದಲ್ಲಿ ಎರಡು ಸಾಲು ಸಾಕು ಅಂದ ಚೀಫ್ ಜೊತೆ ಅರ್ಧ ಗಂಟೆ ವಾದ ಮಾಡಿ ಅದೇ ಪೇಜಿನಲ್ಲಿ ಜಾಗ ತೆಗೆದುಕೊಂಡೆ. ಸ್ಪಷ್ಟನೆಯ ಮೂರು ವಾಕ್ಯದಲ್ಲೂ ‘ಹಿಂದಿನ ಕಾರ್ಯದರ್ಶಿ’, ‘ಈಗಿನ ಕಾರ್ಯದರ್ಶಿ’ ಅಂತ ಬಿಡಿಸಿ ಬರೆದೆ. ‘ಒಂದೇ ಪದ ಎಷ್ಟು ಸಲ ರೀ?’ ಅಂದರು ಚೀಫ್. ಒಂದನ್ನೂ ತೆಗೆಯಲಿಲ್ಲ.