ಬಾಣಂತನಕ್ಕೆ ಎಷ್ಟು ಕೈ ಬೇಕು?

ಎಂಟನೇ ತಿಂಗಳಲ್ಲಿ ನಾನು ತಿಪಟೂರಿನ ತವರಿಗೆ ಬರುವಷ್ಟರಲ್ಲಿ ಅಮ್ಮನ ತಯಾರಿ ಅರ್ಧ ಮುಗಿದಿತ್ತು. ಗ್ರಂಥಿಗೆ ಅಂಗಡಿಯಿಂದ ಒಣಶುಂಠಿ, ಹಿಪ್ಪಲಿ, ಓಮ, ಜಾಯಿಕಾಯಿ ಎಲ್ಲ ಬಂದಿದ್ದವು. ಅಪ್ಪನ ಹಳೇ ಪಂಚೆಗಳನ್ನು ಒಗೆದು, ಬಿಸಿಲಿಗೆ ಹಾಕಿ, ಚೌಕವಾಗಿ ಹರಿದು ಮಡಿಸಿಟ್ಟಿದ್ದಳು. ಎಷ್ಟು ದುಡ್ಡು ಕೊಟ್ಟರೂ ಅಷ್ಟು ಮೆತ್ತಗಿನ ಬಟ್ಟೆ ಅಂಗಡಿಯಲ್ಲಿ ಸಿಗಲ್ಲ ಬಿಡಿ. ಕೊಬ್ಬರಿ ಮಾತ್ರ ಚೀಟಿಯಲ್ಲಿ ಇರಲಿಲ್ಲ. ತಿಪಟೂರಿನಲ್ಲಿ ಕೊಬ್ಬರಿಗೆ ಯಾರಾದರೂ ಚೀಟಿ ಬರೀತಾರಾ?

ನನ್ನ ಚೀಟಿ ಬೇರೆ ಥರ ಇತ್ತು. ಹೆರಿಗೆ ಆದಮೇಲೆ ರಕ್ತ ಹೋಗೋದು ನಾಲ್ಕರಿಂದ ಆರು ವಾರದವರೆಗೂ ಇರಬಹುದು ಅಂತ ಡಾಕ್ಟರ್ ಹೇಳಿದ್ದರಿಂದ ದೊಡ್ಡ ಪ್ಯಾಡುಗಳು. ಮುಂದೆ ಜಿಪ್ ಇರುವ ನೈಟಿಗಳು. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ. ಇವೆರಡನ್ನೂ ಹೆರಿಗೆ ಆದಮೇಲೂ ಆರು ತಿಂಗಳು ನುಂಗಬೇಕು. ಜೊತೆಗೆ ತಾಯಿ ಕಾರ್ಡ್.

ಎರಡು ಚೀಟಿಗೂ ಜಗಳ ಶುರುವಾಗಿದ್ದು ನೀರಿನಿಂದ. ಬಾಣಂತಿ ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತೆ ಅಂತ ಅಮ್ಮ. ಹಾಲು ಕುಡಿಸುವವಳು ಬಾಯಾರಿದಾಗೆಲ್ಲ ಕುಡಿಯಲೇಬೇಕು, ಇಲ್ಲದಿದ್ದರೆ ಮಲಬದ್ಧತೆ ಬೇರೆ, ಹೊಲಿಗೆ ಬಿದ್ದಿದ್ದರೆ ಇನ್ನೂ ಕಷ್ಟ ಅಂತ ನಾನು. ಕೊನೆಗೆ ಜೀರಿಗೆ ಹಾಕಿ ಕಾಯಿಸಿದ ನೀರು, ಲೆಕ್ಕ ಇಡೋ ಹಾಗಿಲ್ಲ ಅಂತ ರಾಜಿಯಾಯಿತು. ಸಾಂಬ್ರಾಣಿ ಹೊಗೆ ಹಿತ್ತಲಿಗೆ ಹೋಯಿತು. ನನ್ನ ತಲೆಕೂದಲಿಗೆ ಬೇಕಾದರೆ ಹಾಕಿಕೊಳ್ಳಲಿ, ಮುಚ್ಚಿದ ಕೋಣೆಯಲ್ಲಿ ಮಗುವಿನ ಹತ್ತಿರ ಕೆಂಡ ಬೇಡ. ಮಗು ಎರೆಯೋಕೆ ಗೊತ್ತು ಮಾಡಿದ್ದ ಪಕ್ಕದ ಬೀದಿಯ ಅಜ್ಜಿಗೂ, ಮೂಗು ಕಿವಿಗೆ ಎಣ್ಣೆ ಬಿಡೋದು ಬೇಡ ಅಂತ ಮೊದಲೇ ಹೇಳಿದೆವು. "ಈಗಿನ ಕಾಲದವ್ರು" ಅಂತ ನಕ್ಕು ಒಪ್ಪಿಕೊಂಡಳು. ಸಂಬಳ ಮಾತ್ರ ಒಂದು ರೂಪಾಯಿಯೂ ಇಳಿಸಲಿಲ್ಲ.

ಇಷ್ಟೆಲ್ಲ ಆದಮೇಲೆ ಒಂದು ಭಾನುವಾರ ರಾಣೆಬೆನ್ನೂರಿನಿಂದ ನಮ್ಮ ಅತ್ತೆ ರೈಲಿನಲ್ಲಿ ಬಂದರು. ಚೀಲದಲ್ಲಿ ಅಂಟು, ಉತ್ತತ್ತಿ, ಗಸಗಸೆ, ಅಳ್ವಿ. ನಮ್ಮ ಕಡೆ ಬಾಣಂತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಲೇಹ್ಯ. ಅವರ ಕಡೆ ಅಂಟಿನ ಉಂಡೆ, ಅಳ್ವಿ ಪಾಯಸ. ಹೇಗೆ ಮಾಡೋದು ಅಂತ ತೋರಿಸಿಕೊಟ್ಟು ಸಂಜೆ ರೈಲಿಗೆ ಹೊರಡೋದು ಅವರ ಲೆಕ್ಕವಾಗಿತ್ತು. ತುಪ್ಪದಲ್ಲಿ ಅಂಟಿನ ಹರಳು ಅರಳುವುದನ್ನು ನೋಡ್ತಾ ನಾನು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ.

ಅತ್ತೆ ಕಲಕುತ್ತಲೇ ಕೇಳಿದರು: "ರಾತ್ರಿ ಯಾರು ಏಳಾವ್ರು?"

"ನಾನೇ ಏಳ್ತೀನಿ," ಅಂದಳು ಅಮ್ಮ.

"ಮುಂಜಾನಿ ನೀರು ಕಾಸಾವ್ರು?"

"ನಾನೇ."

ಅತ್ತೆ ಮತ್ತೇನೂ ಕೇಳಲಿಲ್ಲ, ಅಮ್ಮನ ಮೊಣಕಾಲು ನೋಡಿದರು. ಆ ಕಾಲು ನೆಲದಲ್ಲಿ ಕೂತರೆ ಏಳೋಕೆ ಗೋಡೆ ಹುಡುಕುತ್ತೆ. ಮಗುವನ್ನು ಎರೆಯೋಕೆ ಅಜ್ಜಿ ಬಂದರೂ, ಮಗು ಕೊಡೋದು, ತೊಗೊಳ್ಳೋದು, ಒರೆಸೋದು, ಸುತ್ತೋದು ಎಲ್ಲ ನೆಲದ ಕೆಲಸವೇ.

ನಾನು ಆಫೀಸಿನಲ್ಲಿ ದಿನಾ ಮಾಡುವುದು ಇದೇ ಕೆಲಸ. ಯಾರಿಗೆ ಯಾವ ಶಿಫ್ಟ್ ಅಂತ ಹಂಚೋದು. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂದೆ ಗೆರೆ ಎಳೆದು ಅಮ್ಮನ ಒಂದು ದಿನ ಬರೆದೆ. ಬೆಳಗ್ಗೆ 5ಕ್ಕೆ ಹಂಡೆ ಒಲೆ. 6ಕ್ಕೆ ಮಗುವಿನ ನೀರು, ಆಮೇಲೆ ನನ್ನ ನೀರು. ಬಾಣಂತಿ ಊಟ ಬೇರೆ, ಮನೆಯವರ ಊಟ ಬೇರೆ. ಮಗುವಿನ ಬಟ್ಟೆ. ನೋಡೋಕೆ ಬರುವವರಿಗೆ ಕಾಫಿ. ಸಂಜೆ ಮತ್ತೆ ಅಡುಗೆ. ಹುಟ್ಟಿದ ಮಗುವಿಗೆ ದಿನಕ್ಕೆ 8ರಿಂದ 12 ಸಲ ಹಾಲು ಬೇಕು, ಅದಕ್ಕೆ ರಾತ್ರಿ ಹಗಲು ಗೊತ್ತಿಲ್ಲ. ಹಾಲು ನಾನೇ ಕುಡಿಸಬೇಕು ಸರಿ. ಮಗುವನ್ನು ಎತ್ತಿ ಕೊಡೋದು, ತೇಗಿಸೋದು, ಬಟ್ಟೆ ಬದಲಾಯಿಸೋದು? ಬರೆದು ಮುಗಿಸಿದಾಗ ಅಮ್ಮನ ಹಾಳೆಯಲ್ಲಿ ನಿದ್ದೆಗೆ ಜಾಗವೇ ಇರಲಿಲ್ಲ.

"ನಮ್ಮಮ್ಮ ಮಾಡ್ಲಿಲ್ವಾ?" ಅಂದಳು ಅಮ್ಮ. ಮಾಡಿದ್ದಳು, ನಿಜ. ಆದರೆ ನಾನು ಹುಟ್ಟಿದಾಗ ಆ ಮನೆಯಲ್ಲಿ ಅಜ್ಜಿ ಜೊತೆಗೆ ದೊಡ್ಡಮ್ಮ, ಮದುವೆಯಾಗದ ಇಬ್ಬರು ಚಿಕ್ಕಮ್ಮಂದಿರು, ಸೋದರತ್ತೆ, ಬಟ್ಟೆ ಒಗೆಯೋಕೆ ಒಬ್ಬಾಕೆ ಇದ್ದರು. ಬಾಣಂತನದ ಪದ್ಧತಿಗಳೆಲ್ಲ ಅಷ್ಟು ಜನರಿರುವ ಮನೆಗೆ ಅಂತಲೇ ಹುಟ್ಟಿದವು. ನಾವು ಮೆಣಸು ಹಿಪ್ಪಲಿಯ ಅಳತೆಯನ್ನು ಚೂರೂ ಬಿಡದೆ ಉಳಿಸಿಕೊಂಡಿದ್ದೇವೆ, ಕೆಲಸವನ್ನು ಮಾತ್ರ ಒಬ್ಬಳ ಮೇಲೆ ಹೊರಿಸಿದ್ದೇವೆ. ನನಗಂತೂ ಇದು ಅನ್ಯಾಯ ಅನ್ನಿಸುತ್ತೆ.

ನನಗೆ ಕಾನೂನಿನ ಪ್ರಕಾರ 26 ವಾರ ರಜೆ ಇತ್ತು. 2017ರ ತಿದ್ದುಪಡಿ ಕೊಟ್ಟಿದ್ದು. ನನ್ನ ಗಂಡನಿಗೆ ಅವನ ಕಂಪನಿ ಕೊಟ್ಟಿದ್ದು ಒಂದೇ ವಾರ. ಕೇಂದ್ರ ಸರ್ಕಾರದ ನೌಕರನಾಗಿದ್ದರೆ 15 ದಿನ ಸಿಗ್ತಿತ್ತು, ಖಾಸಗಿಯಲ್ಲಿ ಹಾಗೊಂದು ಕಾನೂನೇ ಇಲ್ಲ. ಅಮ್ಮನಿಗಂತೂ ಯಾವ ರಜೆಯೂ ಇಲ್ಲ.

ಆ ಹಾಳೆ ನೋಡಿ ಅತ್ತೆ, "ರಾತ್ರಿದ್ದು ನಂಗ ಬರೀ" ಅಂದರು. ಅಮ್ಮ ಗಾಬರಿಯಾದಳು. ಬೀಗರು ಮನೆಗೆ ಬಂದರೆ ಊಟ ಹಾಕಿ, ಸೀರೆ ಕೊಟ್ಟು ಕಳಿಸೋದು ಗೊತ್ತು. ಅವರನ್ನು ವಾರಗಟ್ಟಲೆ ಇಟ್ಟುಕೊಂಡು ಮಗುವಿನ ಕಕ್ಕ ಒರೆಸೋಕೆ ಬಿಡೋದಾ? ಊರವರು ಏನಂತಾರೆ? ನನ್ನನ್ನು ಒಳಗೆ ಕರೆದು, "ತವರಿನವರಿಗೆ ಬಾಣಂತನ ಮಾಡೋಕೆ ಆಗಲ್ಲ ಅಂತ ಆಗುತ್ತಲ್ಲೇ" ಅಂದಳು. ಮೊಣಕಾಲಿನ ನೋವನ್ನು ಅಷ್ಟು ಸುಲಭವಾಗಿ ನುಂಗಿದವಳಿಗೆ ಈ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಅತ್ತೆಗೂ ಮುಜುಗರ ಇಲ್ಲದೇ ಇರಲಿಲ್ಲ. ಆದರೂ ಹೇಳಿದರು: "ನಂಗೂ ಮೊಮ್ಮಗಾನ ಅಲ್ಲೇನ್ರೀ? ಊರಾಗ ಒಬ್ಬಾಕೀನ ಕುಂತು ಟೀವಿ ನೋಡೂದಕ್ಕಿಂತ ಇಲ್ಲಿ ಎದ್ದಿರತೀನಿ."

ಅಪ್ಪ ಅಲ್ಲೇ ಪೇಪರ್ ಓದುತ್ತಾ ಕೂತಿದ್ದರು. ನಾನು ಅವರ ಹೆಸರಿಗೂ ಗೆರೆ ಎಳೆದೆ. "ನಂಗೇನು ಬರುತ್ತೆ ಇದೆಲ್ಲ?" ಅಂದರು. ಹಂಡೆ ಒಲೆ ಹಚ್ಚೋಕೆ ಬರುತ್ತೆ. ವಾಷಿಂಗ್ ಮೆಷಿನ್ನಿಗೆ ಬಟ್ಟೆ ಹಾಕಿ, ಹಿತ್ತಲ ತಂತಿಗೆ ಹರವೋಕೆ ಬರುತ್ತೆ. ಬಂದವರನ್ನು ಹೊರಗಿನ ಕೋಣೆಯಲ್ಲೇ ಕೂರಿಸಿ ಮಾತಾಡಿಸಿ ಕಳಿಸೋಕಂತೂ ಅವರಿಗಿಂತ ಚೆನ್ನಾಗಿ ಯಾರಿಗೆ ಬರುತ್ತೆ? ಕಾಗದಪತ್ರದ ಕೆಲಸ ಅಂದಾಗ ಅವರಿಗೆ ಹುರುಪು ಬಂತು. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ. ಆಶಾ ಕಾರ್ಯಕರ್ತೆ ಮನೆಗೆ ಬರುವ ದಿನಗಳು, 3, 7, 14, 21, 28, 42. ಆರು ವಾರಕ್ಕೆ ಲಸಿಕೆ. ಹುಟ್ಟಿದ ದಿನ ಗೊತ್ತಾದ ತಕ್ಷಣ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕ್ತೀನಿ ಅಂದರು.

ಅತ್ತೆ ಆ ಸಂಜೆಯ ರೈಲಿಗೆ ಹೋದರು, ಬಟ್ಟೆ ತರೋಕೆ.

ನನಗೆ ಸಿಸೇರಿಯನ್ ಆಯಿತು. ಮೊದಲ ವಾರ ಪಕ್ಕಕ್ಕೆ ಹೊರಳೋಕೂ ಯಾರಾದರೂ ಬೇಕಿತ್ತು. ಹಾಲು ತುಂಬಿ ಬರೋಕೆ ಕೆಲವು ದಿನ ಹಿಡಿಯಿತು. ಮಗುವಿನ ತೂಕ ಹುಟ್ಟಿದಾಗಿನದಕ್ಕಿಂತ ಇಳಿದಾಗ ಬಂದವರೆಲ್ಲ "ಹಾಲು ಸಾಲ್ತಿಲ್ಲ" ಅಂದರು. ಮೊದಲ ದಿನಗಳಲ್ಲಿ ಹೆಚ್ಚಿನ ಮಕ್ಕಳ ತೂಕ ಸ್ವಲ್ಪ ಇಳಿಯುತ್ತೆ, ಸಾಮಾನ್ಯವಾಗಿ ಎರಡು ವಾರದೊಳಗೆ ವಾಪಸ್ ಬರುತ್ತೆ. ನನಗೆ ಇದು ಗೊತ್ತಿತ್ತು. ಆದರೂ ರಾತ್ರಿ ಕಾರಣವಿಲ್ಲದೆ ಅಳು ಬರುತ್ತಿತ್ತು. ಅಳು ಎರಡು ವಾರ ದಾಟಿದರೆ ಸುಮ್ನೆ ಇರಬೇಡಿ, ಬನ್ನಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ದಾಟಲಿಲ್ಲ. ಆ ಹೊತ್ತಿನಲ್ಲಿ ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ರಾಣೆಬೆನ್ನೂರಿನ ಸುದ್ದಿ ಹೇಳ್ತಿದ್ದರು. ನಾನು ಕೇಳ್ತಾ ಕೇಳ್ತಾ ನಿದ್ದೆ ಹೋಗ್ತಿದ್ದೆ. ಬೆಳಗ್ಗೆ ಅಮ್ಮ ನಿದ್ದೆ ಮುಗಿಸಿ ಎದ್ದು ಬಂದಾಗ ಅತ್ತೆ ಮಲಗುತ್ತಿದ್ದರು.

ಅವರಿಬ್ಬರೂ ಜಗಳವಾಡದೇ ಇದ್ದರು ಅಂತ ಹೇಳಿದರೆ ಸುಳ್ಳಾಗುತ್ತೆ. ಕುಲಾವಿ ಹಾಕಬೇಕೋ ಬೇಡವೋ, ಸಾರಿಗೆ ಖಾರ ಎಷ್ಟು, ತೊಟ್ಟಿಲು ಯಾವ ಕಡೆ, ಎಲ್ಲಕ್ಕೂ ಮಾತು ಆಗುತ್ತಿತ್ತು. ಅಪ್ಪ ಅಂಥ ಹೊತ್ತಿನಲ್ಲಿ ಬಟ್ಟೆ ಹರವೋಕೆ ಹಿತ್ತಲಿಗೆ ಹೋಗ್ತಿದ್ದರು. ಒಣಗಿದ್ದನ್ನೇ ಮತ್ತೆ ಹರವಿದ್ದೂ ಉಂಟು.

ಈಗ ನನ್ನ ತಂಗಿಗೆ ಏಳು ತಿಂಗಳು. ಮೊನ್ನೆ ಅಮ್ಮ ರಾಣೆಬೆನ್ನೂರಿಗೆ ಫೋನ್ ಮಾಡಿ, "ಬೀಗರೇ, ರಾತ್ರಿ ಶಿಫ್ಟಿಗೆ ನೀವು ಬರ್ತೀರಲ್ವಾ?" ಅಂತ ಕೇಳಿದಳು. ಸ್ವಂತ ಸೊಸೆಯಲ್ಲ, ಸೊಸೆಯ ತಂಗಿ. ಅತ್ತೆ ಆ ಲೆಕ್ಕಕ್ಕೇ ಹೋಗಲಿಲ್ಲ. "ಬರ್ತೀನ್ರೀ, ಅಂಟೂ ತರ್ತೀನಿ. ಆದ್ರ ನಿಮ್ಮ ಆ ಮೆಣಸಿನ ಸಾರು ನಂಗ ಹಾಕಬ್ಯಾಡ್ರಿ" ಅಂದರಂತೆ.