ಕಬ್ಬನ್ ಪಾರ್ಕಿನ ರಾಣಿಯನ್ನು ನೋಡಲು ಆಟೋ ಹತ್ತಬೇಡಿ

ಮೆಜೆಸ್ಟಿಕ್‌ನಲ್ಲಿ ಇಳಿದು ವಿಕ್ಟೋರಿಯಾ ರಾಣಿಯ ಪ್ರತಿಮೆ ನೋಡಲು ಹೊರಟವರಿಗೆ ಮೊದಲ ಮಾತು: ಆಟೋ ಬೇಡ. ಮೀಟರ್ ಕೆಟ್ಟಿದೆ ಎಂದು ನಮ್ಮಿಂದ 250 ರೂಪಾಯಿ ಕಿತ್ತ ಚಾಲಕ, ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ ಎಂದು ಹೈಕೋರ್ಟಿನ ಬದಿಯಲ್ಲೇ ಇಳಿಸಿ ಹೋದ. ಬಿಡುವುದಿಲ್ಲ ಎನ್ನುವುದೇನೋ ನಿಜ. ಆದರೆ ರಾಣಿ ನಿಂತಿರುವುದು ಉದ್ಯಾನದ ಅಂಚಿನಲ್ಲಿ, ಎಂ.ಜಿ. ರಸ್ತೆ ಮತ್ತು ಕಸ್ತೂರಬಾ ರಸ್ತೆ ಕೂಡುವಲ್ಲಿ. ಅಲ್ಲಿಗೆ ಮುಖ್ಯ ರಸ್ತೆಯಲ್ಲೇ ಹೋಗಬಹುದು. ನೇರಳೆ ಮಾರ್ಗದ ಮೆಟ್ರೊದಲ್ಲಿ ಮೂರನೆಯ ನಿಲ್ದಾಣವೇ ಕಬ್ಬನ್ ಪಾರ್ಕ್. ಅಲ್ಲಿಂದ ನಡೆದೇ ಹೋಗಿ.

ಅಮೃತಶಿಲೆಯ ರಾಣಿ 11 ಅಡಿ, ಪೀಠ 13 ಅಡಿ. ಹತ್ತಿರ ಹೋದಷ್ಟೂ ಮುಖ ಮರೆಯಾಗಿ ನಿಲುವಂಗಿಯ ನೆರಿಗೆಗಳಷ್ಟೇ ಉಳಿಯುತ್ತವೆ. ಒಂದಿಷ್ಟು ಹಿಂದೆ ಸರಿದು ನೋಡಿ. ಮುಖದಲ್ಲಿ ಗತ್ತಿಗಿಂತ ವಯಸ್ಸೇ ಹೆಚ್ಚು ಕಾಣುತ್ತದೆ. ಕೆತ್ತಿದವರು ಥಾಮಸ್ ಬ್ರಾಕ್. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯೆದುರಿನ ವಿಕ್ಟೋರಿಯಾ ಸ್ಮಾರಕವೂ ಅವರದೇ. ಇಲ್ಲಿ 1906ರ ಫೆಬ್ರವರಿಯಲ್ಲಿ ಪರದೆ ಸರಿಸಿದ್ದು ರಾಣಿಯ ಮೊಮ್ಮಗ, ಮುಂದೆ ಐದನೆಯ ಜಾರ್ಜ್ ಆದವನು. ರಾಣಿಯ ಮಗ ಏಳನೆಯ ಎಡ್ವರ್ಡನ ಪ್ರತಿಮೆಯೂ ಇದೇ ಉದ್ಯಾನದಲ್ಲಿದೆ. ನಮ್ಮ ಚಾಮರಾಜೇಂದ್ರ ಒಡೆಯರದೂ ಇದೆ. 1927ರಿಂದ ಈ ಉದ್ಯಾನಕ್ಕೆ ಅವರದೇ ಹೆಸರು. ಆದರೆ ದಾರಿ ಕೇಳುವಾಗ ಕಬ್ಬನ್ ಪಾರ್ಕ್ ಎಂದೇ ಕೇಳಿ, ಇಲ್ಲದಿದ್ದರೆ ಮುಖ ಮುಖ ನೋಡುತ್ತಾರೆ.

ಜನಜಂಗುಳಿ ನನಗೆ ಆಗಿಬರುವುದಿಲ್ಲ. ಭಾನುವಾರ ಅಲ್ಲಿ ನಾಯಿ, ಸೈಕಲ್, ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳು. ರಜೆಯಿಲ್ಲದ ದಿನ ಬೆಳಗ್ಗೆ ಏಳಕ್ಕೇ ಹೋಗಿ.

ಬಿಸಿಲೇರಿದ ಮೇಲೆ ಇನ್‌ಫೆಂಟ್ರಿ ರಸ್ತೆಯ ಕಡೆ ನಡೆದರೆ ಅಡ್ಡರಸ್ತೆಯೊಂದರಲ್ಲಿ ನಿಂತು ತಿನ್ನುವ ಪುಟ್ಟ ಹೋಟೆಲ್ ಇದೆ. ಫಲಕ ಮಾಸಿದೆ, ಹೆಸರು ಓದಲಾಗಲಿಲ್ಲ. ಹೊರಗೆ ಫೈಲು ಹಿಡಿದ ಗುಮಾಸ್ತರು ನಿಂತಿದ್ದರೆ ಅದೇ. ಖಾರಾಬಾತ್‌ಗೆ ಎಣ್ಣೆ ಸುರಿದಿರಲಿಲ್ಲ, ಬಟಾಣಿ ಮೆತ್ತಗೆ ಬೆಂದಿತ್ತು. ಚಟ್ನಿಯನ್ನು ಕೇಳಿದಷ್ಟು ಸಲ, ಹುಬ್ಬು ಗಂಟಿಕ್ಕದೆ ಹಾಕಿದರು. ಕಾಫಿಯಲ್ಲಿ ಡಿಕಾಕ್ಷನ್ನಿನ ಕಹಿ ನಾಲಿಗೆಗೆ ತಾಗುವಷ್ಟಿತ್ತು. ಇಬ್ಬರದೂ ಸೇರಿ ಬಿಲ್ಲು 130 ರೂಪಾಯಿ, ಆಟೋದವನಿಗೆ ತೆತ್ತದ್ದರ ಅರ್ಧದ ಆಸುಪಾಸು. ಹತ್ತೂವರೆಯ ಹೊತ್ತಿಗೆ ಖಾರಾಬಾತ್ ಮುಗಿದು ಬರೀ ಚಪಾತಿ ಉಳಿದಿರುತ್ತದೆ, ಅದು ಸಾಧಾರಣ.